ಹತ್ತಿ ಹಂಗಾಮಿನಲ್ಲಿ ಹಾಜರಾತಿಗೆ ಹಣ ಕೊಡಿ

ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಭಾಗದ ಶಾಲೆಗಳಲ್ಲಿ ಮೇಲಿನ ತರಗತಿಗಳು ಬಣಗುಡುತ್ತವೆ. ಬೆಳಿಗ್ಗೆ ಹೊಲಕ್ಕೆ ಹೊರಟ ಟಂಟಂಗಳಲ್ಲಿ ಬುತ್ತಿ ಹಿಡಿದ ತಾಯಂದಿರ ಪಕ್ಕ ಸಮವಸ್ತ್ರದ ಅಂಗಿ ತೊಟ್ಟ ಹುಡುಗಿಯರೂ ಇರುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಕೈ ಹೆಚ್ಚಿದಷ್ಟೂ ಕಾಸು. ದಾಳಿ ನಡೆಸಿ ಮಕ್ಕಳನ್ನು ಬಿಡಿಸಿ ತಂದರೆ ಈ ಲೆಕ್ಕ ಬದಲಾಗುವುದೇ?

ಮೆಕ್ಸಿಕೊ 1997ರಲ್ಲಿ ಆರಂಭಿಸಿದ ಪ್ರೊಗ್ರೆಸಾ ಯೋಜನೆ, ಶೇ 85ರಷ್ಟು ಹಾಜರಾತಿಯ ಷರತ್ತಿನ ಮೇಲೆ ತಾಯಂದಿರಿಗೆ ನಗದು ನೀಡಿತು. ಮೇಲಿನ ತರಗತಿಯ ಹೆಣ್ಣುಮಕ್ಕಳಿಗೆ ಹೆಚ್ಚು ಮೊತ್ತ. ಗೃಹಲಕ್ಷ್ಮಿಯ 2,000 ರೂಪಾಯಿಯಂತೆ ಇಲ್ಲಿಯೂ ತಾಯಂದಿರ ಖಾತೆಗೇ ಹಣ ಹಾಕಬಹುದು. ಆದರೆ ಗೃಹಲಕ್ಷ್ಮಿಗೆ ಷರತ್ತು ಅಂಟಿಸುವುದು ಬೇಡ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಪ್ರತ್ಯೇಕ ಅನುದಾನ ಇಡಲಿ, ತಿಂಗಳು ತಿಂಗಳು ಕೊಡಲಿ. ವಿದ್ಯಾರ್ಥಿವೇತನದ ಹಾಗೆ ತಡವಾಗಿ ಬಂದರೆ ಅಷ್ಟರಲ್ಲಿ ಹತ್ತಿ ಮಾರುಕಟ್ಟೆ ಸೇರಿರುತ್ತದೆ.

– ಒಬ್ಬ ಓದುಗ, ಶಹಾಪುರ