ಯಾವ ಬೀದಿಗೆ ಎಷ್ಟು ಸದ್ದು ಅಂತ ಮೊದ್ಲು ತೀರ್ಮಾನ ಆಗ್ಲಿ

ಸಂಪಾದಕರಿಗೆ ನಮಸ್ಕಾರ,

ಮಡಿಕೇರಿಯಲ್ಲಿ ಯಾವ ಬೀದಿ ಮನೆಗಳ ಬೀದಿ, ಯಾವುದು ಅಂಗಡಿ ಬೀದಿ ಅಂತ ಸರ್ಕಾರದ ಲೆಕ್ಕದಲ್ಲಿ ಏನಿದೆ? ಇದನ್ನ ತಿಳ್ಕೊಳ್ಳೋಕೆ ಒಂದೆರಡು ಕಚೇರಿ ಸುತ್ತಿದೆ, ಒಬ್ರು ಇನ್ನೊಬ್ರ ಕಡೆ ಕೈ ತೋರಿಸಿದ್ರೇ ಹೊರತು ಉತ್ತರ ಯಾರೂ ಕೊಡ್ಲಿಲ್ಲ. ಬೇರೆ ಯಾವುದಕ್ಕೂ ಅಲ್ಲ, ರಾತ್ರಿ ನಿದ್ದೆಗೋಸ್ಕರ ಕೇಳಿದ್ದು.

ನಮ್ಮ ಬೀದಿಯಲ್ಲಿ ಮೊದ್ಲು ಬರೀ ಮನೆಗಳಿದ್ವು. ಈಗ ಒಂದರಲ್ಲಿ ಹೋಮ್‌ಸ್ಟೇ, ಪಕ್ಕದ್ದರಲ್ಲಿ ಕೆಳಗಡೆ ಸ್ಪೈಸಸ್ ಅಂಗಡಿ ಮೇಲ್ಗಡೆ ಲಾಡ್ಜು, ಮಧ್ಯದಲ್ಲಿ ಎಂಬತ್ತು ದಾಟಿದ ಅಜ್ಜಿ ಇರೋ ಮನೆ, ಎದುರುಗಡೆ ಎಸ್ಸೆಸ್ಸೆಲ್ಸಿ ಓದೋ ಹುಡುಗಿ. ಶನಿವಾರ ಬಂತು ಅಂದ್ರೆ ಹೋಮ್‌ಸ್ಟೇ ಅಂಗಳದಲ್ಲಿ ಕ್ಯಾಂಪ್‌ಫೈರು, ಜೊತೆಗೆ ದೊಡ್ಡ ಸ್ಪೀಕರು, ಹನ್ನೊಂದೂವರೆ ಹನ್ನೆರಡರ ತನಕ ಕುಣಿತ ಕೂಗಾಟ, ಮನೆ ಕಿಟಕಿ ಗಾಜು ಅದುರುತ್ತೆ. ಹೋಗಿ ಹೇಳಿದ್ರೆ 'ಇದು ಕಮರ್ಷಿಯಲ್ ಏರಿಯಾ ಸಾರ್, ಲೈಸೆನ್ಸ್ ಇದೆ' ಅಂತಾರೆ. ಲೈಸೆನ್ಸ್ ಇರಬಹುದು, ಆದ್ರೆ ಲೈಸೆನ್ಸ್ ಕೊಟ್ಟ ಕೂಡ್ಲೇ ಇಡೀ ಬೀದಿ ಕಮರ್ಷಿಯಲ್ ಆಗೋಯ್ತು ಅಂತ ಯಾರು ಹೇಳಿದ್ದು? ಇದೇ ಬೀದಿಯಲ್ಲಿ ಇನ್ನೊಂದು ಹೋಮ್‌ಸ್ಟೇನೂ ಇದೆ, ಅವರು ಒಂಬತ್ತೂವರೆಗೆಲ್ಲ ಹಾಡು ಬಂದ್ ಮಾಡಿಸ್ತಾರೆ, ಅವರಿಗೂ ಗೆಸ್ಟುಗಳು ಬರ್ತಾನೇ ಇದ್ದಾರೆ. ಹಾಗಾಗಿ ಹೋಮ್‌ಸ್ಟೇಗಳೇ ಬೇಡ ಅಂತ ನಾನು ಹೇಳ್ತಿಲ್ಲ, ಕಾಫಿ ಕರಿಮೆಣಸು ನಂಬಿ ಕೂತ್ರೆ ಆಗಲ್ಲ ಅನ್ನೋ ಕಷ್ಟ ನಮಗೂ ಗೊತ್ತು.

ಈ ಏರಿಯಾ ಲೆಕ್ಕ ಯಾಕೆ ಅಷ್ಟು ಮುಖ್ಯ ಅಂದ್ರೆ, ಶಬ್ದ ಮಾಲಿನ್ಯದ ಕೇಂದ್ರ ನಿಯಮ 2000ನೇ ಇಸವಿಯಲ್ಲೇ ಬಂದಿದೆ. ಅದರ ಪ್ರಕಾರ ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45, ವ್ಯಾಪಾರದ ಪ್ರದೇಶಕ್ಕೆ ಹಗಲು 65, ರಾತ್ರಿ 55. ರಾತ್ರಿ ಅಂದ್ರೆ ಹತ್ತರಿಂದ ಬೆಳಗ್ಗೆ ಆರರ ತನಕ. ಹತ್ತೇ ಡೆಸಿಬಲ್ ವ್ಯತ್ಯಾಸ ತಾನೇ ಅಂತ ಅನ್ನಿಸಬಹುದು, ಆದ್ರೆ ಡೆಸಿಬಲ್ ಲೆಕ್ಕ ಅಂಗಡಿ ತಕ್ಕಡಿ ಲೆಕ್ಕದ ಹಾಗಲ್ಲ, ಹತ್ತು ಹೆಚ್ಚಾದ್ರೆ ಶಬ್ದದ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದ್ರೆ ನೂರು ಪಟ್ಟು. ಇನ್ನೊಂದು ವಿಷಯ ಇದೆ, ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಜಾಸ್ತಿ ಮೀರಿದಾಗ ಜನ ದೂರು ಕೊಡಬಹುದು ಅಂತ ಅದೇ ನಿಯಮ ಹೇಳುತ್ತೆ. ಅಂದ್ರೆ ರಾತ್ರಿ 60 ಡೆಸಿಬಲ್ ಸದ್ದು ಬರ್ತಾ ಇದ್ರೆ ವಾಸದ ಬೀದಿಯವನು ಆ ಲೆಕ್ಕದಲ್ಲಿ ದೂರು ಕೊಡಬಹುದು, ವ್ಯಾಪಾರದ ಬೀದಿ ಅಂತಾದ್ರೆ ಅದೇ ಸದ್ದಿಗೆ ಕೊಡೋ ಹಾಗಿಲ್ಲ. ಒಂದು ಬೀದಿಗೆ ಯಾವ ಹೆಸರು ಅಂತ ತೀರ್ಮಾನ ಆಗೋದರ ಮೇಲೆ ಡೆಸಿಬಲ್ ಲೆಕ್ಕದ ನಮ್ಮ ದೂರು ನಿಲ್ಲುತ್ತೋ ಬೀಳುತ್ತೋ ಅನ್ನೋದು ನಿಂತಿದೆ.

ಹೀಗೆ ಪ್ರದೇಶಗಳನ್ನ ವಿಂಗಡಿಸಬೇಕು ಅಂತ ನಿಯಮದ ಶುರುವಲ್ಲೇ ರಾಜ್ಯ ಸರ್ಕಾರಕ್ಕೆ ಹೇಳಿದೆ, ವಾಸ ವ್ಯಾಪಾರ ಎರಡೂ ಬೆರೆತಿರೋ ಕಡೆ ಯಾವುದಾದ್ರೂ ಒಂದು ವರ್ಗಕ್ಕೆ ಸೇರಿಸಿ ಘೋಷಣೆ ಮಾಡಬಹುದು ಅಂತಾನೂ ಇದೆ. ಮಡಿಕೇರಿಯಲ್ಲಿ ಬೆರೆಯದ ಬೀದಿ ಎಷ್ಟಿದೆ ಹೇಳಿ. ಮಹದೇವಪೇಟೆ, ಕಾಲೇಜು ರಸ್ತೆ ಇವೆಲ್ಲ ವ್ಯಾಪಾರದ್ದೇ ಸರಿ, ಆದ್ರೆ ಅಂಗಡಿ ಹಿಂದಿನ ಓಣಿಯಲ್ಲಿ, ಮೇಲಿನ ಮಹಡಿಯಲ್ಲಿ ಸಂಸಾರಗಳೇ ಇರೋದು. ಬರೀ ಮನೆಗಳಿದ್ದ ಬಡಾವಣೆಗಳ ಒಳಗೂ ಈಗ ಹೋಮ್‌ಸ್ಟೇ ಬೋರ್ಡು. ಸಾಲದ್ದಕ್ಕೆ ನಮ್ಮದು ಗುಡ್ಡದ ಊರು, ಮೇಲಿನ ರಸ್ತೆಯಲ್ಲಿ ಹಾಕಿದ ಸ್ಪೀಕರು ಕೆಳಗಿನ ಓಣಿಗೆಲ್ಲ ಕೇಳುತ್ತೆ, ರಾತ್ರಿ ಗಾಡಿ ಓಡಾಟ ನಿಂತ ಮೇಲಂತೂ ಎಲ್ಲಿಂದ ಬರ್ತಿದೆ ಅಂತ ಹುಡುಕೋದೂ ಕಷ್ಟ. ನನ್ನ ಪ್ರಕಾರ ಒಂದು ಬೀದಿಯಲ್ಲಿ ಜನ ರಾತ್ರಿ ಮಲಗ್ತಾರೆ ಅಂದ ಮೇಲೆ ಹತ್ತು ಗಂಟೆ ನಂತರ ಅದು ವಾಸದ ಬೀದಿಯೇ, ಹಗಲು ಎಷ್ಟು ಅಂಗಡಿ ತೆಗೆದಿರ್ಲಿ.

ಆಸ್ಪತ್ರೆ ಶಾಲೆಗಳ ಕಥೆ ಇನ್ನೂ ಬೇಜಾರಿಂದು. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಹಗಲು 50, ರಾತ್ರಿ 40 ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಆದ್ರೆ 2017ರಲ್ಲಿ ತಿದ್ದುಪಡಿ ಬಂತು, ಸರ್ಕಾರ ಅಧಿಸೂಚನೆ ಹೊರಡಿಸದೆ ಯಾವ ಜಾಗವೂ ತಾನಾಗೇ ನಿಶ್ಶಬ್ದ ವಲಯ ಆಗೋದಿಲ್ಲ. ಹಾಗಿದ್ರೆ ನಮ್ಮ ಜಿಲ್ಲಾ ಆಸ್ಪತ್ರೆ ಸುತ್ತ ಯಾವ ಯಾವ ರಸ್ತೆಗೆ ಅಧಿಸೂಚನೆ ಆಗಿದೆ, ಎಲ್ಲಿಂದ ಎಲ್ಲಿ ತನಕ ಅನ್ನೋದನ್ನ ಬೋರ್ಡ್ ಹಾಕಿ ತಿಳಿಸ್ಲಿ. ಆಗದೇ ಇದ್ರೆ ಈಗ ಮಾಡ್ಲಿ.

ಪೊಲೀಸರ ಬಗ್ಗೆ ಒಂದು ಮಾತು. 112ಕ್ಕೆ ಫೋನ್ ಮಾಡಿದ್ರೆ ಬರ್ತಾರೆ, ಇಲ್ಲ ಅಂತ ಹೇಳಲ್ಲ, ಬಂದಾಗ ಸೌಂಡ್ ಕಡಿಮೆ ಆಗುತ್ತೆ, ಜೀಪು ತಿರುವು ದಾಟಿದ ಮೇಲೆ ಮತ್ತೆ ಶುರು. ಕೇಸ್ ಹಾಕಿ ಅಂದ್ರೆ ಅಳೆಯೋ ಮೀಟರ್ ನಮ್ಮ ಹತ್ರ ಇಲ್ಲ ಅಂತಾರೆ. ಆದ್ರೆ ರಾತ್ರಿ ಹತ್ತರ ಮೇಲೆ ಬಯಲಲ್ಲಿ ಸ್ಪೀಕರ್ ಹಾಕೋದಕ್ಕೆ ಅನುಮತಿಯೇ ಇಲ್ಲ ಮಾರಾಯ್ರೆ, ಮುಚ್ಚಿದ ಹಾಲ್ ಒಳಗೆ ಮಾತ್ರ ಅವಕಾಶ, ಅಂಗಳದಲ್ಲಿ ಸ್ಪೀಕರ್ ಹಾಡ್ತಿದೆ ಅಂದ್ರೆ ಅದನ್ನ ಅಳೆಯೋಕೆ ಏನಿದೆ? ಗಡಿಯಾರ ನೋಡಿದ್ರೆ ಸಾಕಲ್ವಾ. ವಾಸದ ಪ್ರದೇಶದಲ್ಲಿ ರಾತ್ರಿ ಹಾರ್ನ್ ಹೊಡೆಯೋದು, ಸದ್ದು ಮಾಡೋ ಕಟ್ಟಡ ಕೆಲಸದ ಮೆಷಿನ್ ಓಡಿಸೋದು, ರಾತ್ರಿ ಪಟಾಕಿ ಸಿಡಿಸೋದು ಇದಕ್ಕೆಲ್ಲ 2010ರ ತಿದ್ದುಪಡಿಯಲ್ಲೇ ತಡೆ ಇದೆ. ಬಿಲ್ಡಿಂಗ್ ಕೆಲಸದವರು ರಾತ್ರಿಯೆಲ್ಲ ಕಾಂಕ್ರೀಟ್ ಮಿಕ್ಸರ್ ಓಡಿಸೋದನ್ನ ಕೇಳಿ ಕೇಳಿ ಸಾಕಾಗಿದೆ. ಸೈಲೆನ್ಸರ್ ಬದಲಾಯಿಸ್ಕೊಂಡು ವೀಕೆಂಡ್‌ಗೆ ರಾಜಾಸೀಟ್ ಕಡೆ ಬರೋ ಬೈಕುಗಳಿಗೂ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ ಇದೆ, ಜನರಲ್ ತಿಮ್ಮಯ್ಯ ವೃತ್ತದಲ್ಲಿ ಎರಡು ಶನಿವಾರ ನಿಂತು ಹಿಡಿದ್ರೆ ಸುದ್ದಿ ತಾನಾಗೇ ಹರಡುತ್ತೆ.

ಇಷ್ಟು ಹೇಳಿದ ಮೇಲೆ ಯಾರಾದ್ರೂ ದಸರಾ ತೆಗೀತಾರೆ ಅಂತ ಗೊತ್ತು. ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡೋ ದಶಮಂಟಪದ ರಾತ್ರಿ ನಮ್ಮೂರಿನ ಹೆಮ್ಮೆ, ಮಕ್ಕಳು ಮರಿ ಎಲ್ಲ ಕಟ್ಕೊಂಡು ನಾವೂ ರಸ್ತೆಯಲ್ಲೇ ಇರ್ತೀವಿ. ಹಬ್ಬ ಉತ್ಸವಕ್ಕೆ ಅಂತ ವರ್ಷಕ್ಕೆ 15 ದಿನ ಮೀರದ ಹಾಗೆ ರಾತ್ರಿ ಹನ್ನೆರಡರ ತನಕ ಸ್ಪೀಕರಿಗೆ ವಿನಾಯ್ತಿ ಕೊಡೋ ಅಧಿಕಾರ ಸರ್ಕಾರಕ್ಕೆ ಇದೆ. ಮಂಟಪಗಳ ಡಿಜೆ ಸದ್ದು ಮಿತಿಯಲ್ಲಿರಬೇಕು ಅನ್ನೋದು ನನ್ನ ಅಭಿಪ್ರಾಯ, ಬಹುಮಾನಕ್ಕೆ ಮಾರ್ಕ್ಸ್ ಹಾಕುವಾಗ ಸದ್ದಿಗೂ ಒಂದಿಷ್ಟು ಮಾರ್ಕ್ಸ್ ಇಟ್ರೆ ಸಮಿತಿಯವರೇ ವಾಲ್ಯೂಮ್ ಇಳಿಸ್ತಾರೆ. ಆದ್ರೆ ಆ ಒಂದು ರಾತ್ರಿ ತೋರಿಸಿ ಮಿಕ್ಕ ವರ್ಷದ ಶನಿವಾರಗಳನ್ನೆಲ್ಲ ಸಮರ್ಥನೆ ಮಾಡೋದು ನ್ಯಾಯ ಅಲ್ಲ.

ಹಾಗಾಗಿ ಜಿಲ್ಲಾಡಳಿತ ಮತ್ತೆ ನಗರಸಭೆಗೆ ಕೇಳೋದು ಇಷ್ಟು. ವಾರ್ಡ್ ವಾರ್ಡಿಗೂ ಬೀದಿ ಹೆಸರು ಹಾಕಿ ಯಾವುದು ವಾಸ, ಯಾವುದು ವ್ಯಾಪಾರ, ಯಾವುದು ನಿಶ್ಶಬ್ದ ವಲಯ ಅಂತ ನಕ್ಷೆಯ ಕರಡು ಮಾಡಿ ನಗರಸಭೆ ನೋಟಿಸ್ ಬೋರ್ಡಲ್ಲಿ ಹಾಕ್ಲಿ, ಜನರ ಆಕ್ಷೇಪಣೆಗೆ ಟೈಮ್ ಕೊಡ್ಲಿ, ಆಮೇಲೆ ಸರ್ಕಾರಕ್ಕೆ ಕಳಿಸಿ ಅಧಿಸೂಚನೆ ಮಾಡಿಸ್ಲಿ. ಹೋಮ್‌ಸ್ಟೇ ಲೈಸೆನ್ಸ್ ಕೊಡುವಾಗ, ರಿನೀವಲ್ ಮಾಡುವಾಗ ಹತ್ತು ಗಂಟೆ ಷರತ್ತನ್ನ ಅದರಲ್ಲೇ ಬರೀಲಿ, ಅಕ್ಕಪಕ್ಕದವರ ದೂರು ಇದ್ರೆ ರಿನೀವಲ್‌ಗೆ ಮುಂಚೆ ಕರೆದು ಕೇಳ್ಲಿ. ಪ್ರತಿ ಸ್ಟೇಷನ್‌ಗೆ ಒಂದಾದ್ರೂ ಸೌಂಡ್ ಮೀಟರ್ ಕೊಡ್ಲಿ. ಮಳೆಗಾಲದಲ್ಲಿ ಟೂರಿಸ್ಟ್ ಓಡಾಟ ಕಡಿಮೆ ಇರುತ್ತೆ, ನಕ್ಷೆ ಕೆಲಸಕ್ಕೆ ಅದೇ ಒಳ್ಳೆ ಟೈಮು, ದಸರಾ ರಜೆ ಶುರುವಾಗೋದರೊಳಗೆ ಬೋರ್ಡುಗಳು ನಿಂತಿರಬೇಕು. ನಮ್ಮ ಬೀದಿಯವರೆಲ್ಲ ಸಹಿ ಹಾಕಿದ ಮನವಿ ರೆಡಿ ಇದೆ, ಯಾವ ಅಧಿಕಾರಿ ತಗೋತಾರೆ ಅಂತ ತಿಳಿಸಿದ್ರೆ ನಾಳೆನೇ ತಂದು ಕೊಡ್ತೀವಿ.

ಇಂತಿ,
ಒಬ್ಬ ನಿವಾಸಿ, ಮಡಿಕೇರಿ