ಮಿನಿ ಕಾರ್ಡ್ ಚಿಕ್ಕದಿದೆ ಎಂದು ವಾಪಸ್ ಕಳಿಸಿದ ಗ್ರೇಡಿಂಗ್ ಕಂಪನಿಗೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಟಾಪ್ಸ್ ಕಂಪನಿಯ 1975ರ ಮಿನಿ ಬೇಸ್‌ಬಾಲ್ ಕಾರ್ಡ್, ನಂ. 228, ಜಾರ್ಜ್ ಬ್ರೆಟ್ ರೂಕಿ (ಆಟಗಾರನ ಮೊದಲ ಕಾರ್ಡ್). ‘ಟ್ರಿಮ್ ಮಾಡಲಾಗಿದೆ, ಕನಿಷ್ಠ ಅಳತೆ ಇಲ್ಲ’ ಎಂಬ ಚೀಟಿಯೊಂದಿಗೆ ಗ್ರೇಡ್ (ಕಾರ್ಡಿನ ಸ್ಥಿತಿಗೆ ಕೊಡುವ ಅಂಕ) ಇಲ್ಲದೆ ಹಿಂದಿರುಗಿಸಿದ ಬಗ್ಗೆ.

ಮಾನ್ಯರೇ,

ಇಂಗ್ಲಿಷಿನಲ್ಲಿ ಬರೆದ ಮೇಲ್‌ಗಳಿಗೆಲ್ಲ ನಿಮ್ಮಿಂದ ಒಂದೇ ಅಚ್ಚಿನ ಉತ್ತರ ಬಂದಿದೆ. ನಿಮ್ಮ ಬೆಂಗಳೂರು ಸೆಂಟರ್‌ನ ಮೇಲ್ವಿಚಾರಕರು “ಕನ್ನಡದಲ್ಲೇ ಬರೆದು ಕಳಿಸಿ ಸರ್, ಮೇಲಿನವರಿಗೆ ಮುಟ್ಟಿಸ್ತೀವಿ” ಎಂದಿದ್ದಾರೆ. ಮುಟ್ಟಲಿ ಎಂದು ಬರೆಯುತ್ತಿದ್ದೇನೆ.

ನಿಮಗೆ ಗೊತ್ತಿರಲೇಬೇಕಾದ ಸಂಗತಿ ಮೊದಲು. 1975ರಲ್ಲಿ ಟಾಪ್ಸ್ ತನ್ನ 660 ಕಾರ್ಡುಗಳ ಇಡೀ ಸೆಟ್ಟನ್ನು ಎರಡು ಅಳತೆಯಲ್ಲಿ ಮುದ್ರಿಸಿತು. ಮಾಮೂಲಿಯದು 2½ × 3½ ಇಂಚು. ಮಿನಿ 2¼ × 3⅛ ಇಂಚು. ಚಿತ್ರ, ಬಣ್ಣ, ಸಂಖ್ಯೆ ಎಲ್ಲ ಒಂದೇ. ಮಿನಿಯನ್ನು ಪ್ರಯೋಗಕ್ಕೆಂದು ಮಿಷಿಗನ್ ಮತ್ತು ಪಶ್ಚಿಮ ಕರಾವಳಿಯ ಕೆಲವು ಕಡೆ ಮಾತ್ರ ಮಾರುಕಟ್ಟೆಗೆ ಬಿಟ್ಟರು. ಅಗಲದಲ್ಲಿ ಕಾಲು ಇಂಚು, ಎತ್ತರದಲ್ಲಿ ⅜ ಇಂಚು ಕಡಿಮೆ ಇರುವುದೇ ಆ ಕಾರ್ಡಿನ ಗುರುತು. ನಿಮ್ಮದೇ ಪಾಪ್ ರಿಪೋರ್ಟಿನಲ್ಲಿ (ಈವರೆಗೆ ನೀವು ಗ್ರೇಡ್ ಕೊಟ್ಟ ಕಾರ್ಡುಗಳ ಎಣಿಕೆಯಲ್ಲಿ) ‘1975 ಟಾಪ್ಸ್ ಮಿನಿ’ಗೆ ಪ್ರತ್ಯೇಕ ಪುಟವಿದೆ. ನಿಮ್ಮದೇ ಅರ್ಜಿಯಲ್ಲಿ ಅದಕ್ಕೆ ಪ್ರತ್ಯೇಕ ಆಯ್ಕೆ ಇದೆ. ನಾನು ಆರಿಸಿದ್ದೂ ಅದನ್ನೇ.

ಕಾರ್ಡ್ ನಿಮ್ಮ ಕೈ ಸೇರಿದ ಮೇಲೆ ಮೊದಲು ಬಂದದ್ದು ಬೆಲೆ ವಿಭಾಗದ ಮೇಲ್. ‘ಇದು ವಿರಳ ಪ್ಯಾರಲಲ್, ನೀವು ನಮೂದಿಸಿದ ಮೌಲ್ಯ ಕಡಿಮೆಯಾಯಿತು, ಮೇಲಿನ ದರ್ಜೆಯ ಶುಲ್ಕ ಕಟ್ಟಿ’ ಎಂದಿತ್ತು. (ಪ್ಯಾರಲಲ್ ಎಂದರೆ ಮಾಮೂಲಿ ಕಾರ್ಡಿನದೇ ಇನ್ನೊಂದು ರೂಪ.) ಕಟ್ಟಿದೆ. ಆಮೇಲೆ ಗ್ರೇಡಿಂಗ್ ವಿಭಾಗ ಅದೇ ಕಾರ್ಡನ್ನು ಮಾಮೂಲಿ ಅಳತೆಗೆ ಹಿಡಿದು, ಯಾರೋ ಕತ್ತರಿಸಿದ್ದಾರೆ ಎಂದು ತೀರ್ಪು ಕೊಟ್ಟಿತು. ದುಡ್ಡು ಎಣಿಸುವಾಗ ಮಿನಿ, ಗ್ರೇಡ್ ಕೊಡುವಾಗ ಕತ್ತರಿಸಿದ ಮಾಮೂಲಿ! ಎತ್ತು ಏರಿಗೆ, ಕೋಣ ನೀರಿಗೆ. ಎರಡಕ್ಕೂ ಮೇವಿನ ಖರ್ಚು ಮಾತ್ರ ನನ್ನ ಕ್ರೆಡಿಟ್ ಕಾರ್ಡಿನದು.

ನಿಮ್ಮ ಸಹಾಯವಾಣಿಯಲ್ಲಿ ನಡೆದ ಮಾತುಕತೆಯನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಕರೆ ರೆಕಾರ್ಡ್ ಆಗುತ್ತದೆ ಎಂದು ಆರಂಭದಲ್ಲೇ ಹೇಳುತ್ತೀರಿ, ತೆಗೆದು ಕೇಳಿ ನೋಡಿ.

“ಸರ್, ನಿಮ್ಮ ಕಾರ್ಡ್ ಚಿಕ್ಕದಿದೆ.”

“ಹೌದಮ್ಮಾ, ಅದು ಮಿನಿ.”

“ಅದೇ ಸರ್, ಮಿನಿಮಮ್ ಸೈಜ್‌ಗಿಂತ ಚಿಕ್ಕದಿದೆ.”

“ಯಾವ ಕಾರ್ಡಿನ ಮಿನಿಮಮ್?”

“ಬೇಸ್‌ಬಾಲ್ ಕಾರ್ಡಿಂದು ಸರ್.”

ಹೋಲ್ಡ್. ಪಿಯಾನೊ ಸಂಗೀತ. ಆಮೇಲೆ ಮೇಲ್ವಿಚಾರಕರು ಬಂದರು.

“ಸರ್, ಕಾರ್ಡ್ ಈಗ ನಿಮ್ಮ ಹತ್ರಾನೇ ಇದೆಯಲ್ಲಾ? ಸ್ಕೇಲ್ ಇಟ್ಟು ಅಗಲ ಎಷ್ಟಿದೆ ಹೇಳ್ತೀರಾ?”

“ಎರಡೂಕಾಲು ಇಂಚು.”

“ನೋಡಿ ಸರ್, ನೀವೇ ಒಪ್ಕೊಂಡ್ರಿ.”

ಒಪ್ಪಿಕೊಂಡೆನಂತೆ. ನಿಮ್ಮ ಜಾಲತಾಣದ ಮಿನಿ ಪುಟ ತೆರೆಯಿರಿ ಎಂದೆ. ತೆರೆದರು. ಅಲ್ಲಿ 228ನೇ ಸಾಲು ಓದಿ ಎಂದೆ. ಜಾರ್ಜ್ ಬ್ರೆಟ್ ಎಂದು ಓದಿದರು. ಸ್ವಲ್ಪ ಹೊತ್ತು ಮೌನ. ನಂತರ, ಬಹಳ ವಿನಯದಿಂದ, “ಮನೇಲಿ ಮಕ್ಕಳೇನಾದ್ರೂ ಕತ್ತರಿ ಆಡಿಸಿರಬಹುದಾ ಸರ್?”

“ಮಕ್ಕಳು ಕತ್ತರಿಸಿದರೆ ಆಟಗಾರನ ಮುಖವೂ ಚಿಕ್ಕದಾಗುತ್ತದೆಯೇ?”

“ಸರ್, ಸಿಸ್ಟಮ್‌ನಲ್ಲಿ ‘ಟ್ರಿಮ್ಡ್’ ಅಂತಾನೇ ತೋರಿಸ್ತಿದೆ. ಮುಂದಿನ ಸಲ ದಯವಿಟ್ಟು ಫುಲ್ ಸೈಜ್ ಕಾರ್ಡ್ ಕಳಿಸಿ.”

ಫೋನ್ ಇಟ್ಟ ಕೂಡಲೇ, ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಮೆಸೇಜ್. ಅಂಕಕ್ಕೂ ಕನಿಷ್ಠ ಅಳತೆ ಇದೆಯೋ ಏನೋ, ಸೊನ್ನೆ ಒತ್ತಲು ಬಿಡಲಿಲ್ಲ.

ನಿಮ್ಮ ಗ್ರೇಡರುಗಳಿಗೆ ನಾನು ಪಾಠ ಹೇಳಬೇಕಾದ ಸ್ಥಿತಿ ಬರಬಾರದಿತ್ತು. ಬಂದಿದೆ, ಆದ್ದರಿಂದ ಹೇಳುತ್ತೇನೆ. ಮಾಮೂಲಿ ಕಾರ್ಡನ್ನು ಮಿನಿ ಅಳತೆಗೆ ಇಳಿಸಬೇಕಾದರೆ ಎರಡೂ ಪಕ್ಕದಲ್ಲಿ ⅛ ಇಂಚು, ಮೇಲೆ ಕೆಳಗೆ 3⁄16 ಇಂಚು ಕೊಯ್ಯಬೇಕು. 1975ರ ಸೆಟ್ಟಿನ ಹೆಗ್ಗುರುತಾದ ಎರಡು ಬಣ್ಣದ ಅಂಚು ಅಲ್ಲಿಗೇ ಹೆಚ್ಚುಕಡಿಮೆ ಮುಗಿಯಿತು. ನನ್ನ ಕಾರ್ಡಿನಲ್ಲಿ ನಾಲ್ಕೂ ಕಡೆ ಅಂಚು ಪೂರ್ತಿ ಇದೆ, ಕಾರ್ಡಿನ ಅಳತೆಗೆ ತಕ್ಕಂತೆ ಸಣ್ಣಗಾಗಿದೆ. ಇನ್ನೂ ಸುಲಭದ ದಾರಿ ಬೇಕೆ? ಅದೇ ಸೆಟ್ಟಿನ ಅಗ್ಗದ ಮಾಮೂಲಿ ಕಾರ್ಡೊಂದನ್ನು ಮೇಜಿನ ಮೇಲಿಟ್ಟು, ಮೇಲಿನ ಅಂಚು ಸರಿಹೊಂದಿಸಿ, ಮಿನಿಯನ್ನು ಅದರ ಪಕ್ಕಕ್ಕೆ ಹಿಡಿಯಿರಿ. ತಂಡದ ಹೆಸರಿನ ಅಕ್ಷರಗಳ ಎತ್ತರವೇ ಬೇರೆ. ಕೆಳಗೆ ಬಲಮೂಲೆಯಲ್ಲಿ ಆಟಗಾರನ ಸ್ಥಾನ ಬರೆದ ಪುಟ್ಟ ಚೆಂಡು ಇದೆಯಲ್ಲ, ಮಿನಿಯಲ್ಲಿ ಅದೂ ಕುಗ್ಗಿದೆ. ಸಹಿಯೂ ಕುಗ್ಗಿದೆ. ಬ್ಲೇಡಿಗೆ ಕೊಯ್ಯಲು ಬರುತ್ತದೆ, ಕುಗ್ಗಿಸಲು ಬರುವುದಿಲ್ಲ.

ಖೋಟಾ ಎಂಬ ಅನುಮಾನವಿದ್ದರೆ ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಪರೀಕ್ಷೆ. 10 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಮಸೂರ ಹಿಡಿದು ಕಪ್ಪು ಅಕ್ಷರ ನೋಡಿ. ಸ್ಕ್ಯಾನ್ ಮಾಡಿ ಮುದ್ರಿಸಿದ್ದಾದರೆ ಅಕ್ಷರವೂ ಚುಕ್ಕಿಚುಕ್ಕಿಯಾಗಿ ಒಡೆದು ಕಾಣುತ್ತದೆ. ಅಸಲಿಯಲ್ಲಿ ಫೋಟೊ ಮಾತ್ರ ಚುಕ್ಕಿ, ಅಕ್ಷರದಲ್ಲಿ ಮಸಿ ಗಟ್ಟಿಯಾಗಿ ಕೂತಿರುತ್ತದೆ. ನಿಮ್ಮ ಚೀಟಿಯಲ್ಲಿ ಖೋಟಾ ಎಂಬ ಮಾತೇ ಇಲ್ಲ, ಅಂದರೆ ಮುದ್ರಣ ಅಸಲಿ ಎಂದು ನೀವೇ ಒಪ್ಪಿದಂತೆ. (ನಿಮ್ಮ ಮೇಲ್ವಿಚಾರಕರ ತರ್ಕವನ್ನೇ ಬಳಸುತ್ತಿದ್ದೇನೆ.) ಮಿನಿ ಆಕಾರದಲ್ಲಿ ಅಸಲಿ ಮುದ್ರಣ ಇದ್ದರೆ ಅದು ಮಿನಿಯಲ್ಲದೆ ಇನ್ನೇನು?

ಇನ್ನು ನಿಮ್ಮ ‘ವಿರಳ’ ಮುದ್ರೆಯ ವಿಚಾರ. ಈಗಿನ ಪ್ಯಾರಲಲ್ ಕಾರ್ಡುಗಳ ಮೇಲೆ 25ರಲ್ಲಿ 7ನೆಯದು ಎಂಬಂತೆ ಕ್ರಮಸಂಖ್ಯೆ ಅಚ್ಚಾಗಿರುತ್ತದೆ, ವಾದಕ್ಕೆ ಜಾಗವಿಲ್ಲ. 1975ರ ಮಿನಿಯ ಮೇಲೆ ಅಂಥದ್ದೇನೂ ಇಲ್ಲ. ಹಾಗಾಗಿ ನೀವು ಪಾಪ್ ರಿಪೋರ್ಟಿನ ಲೆಕ್ಕವನ್ನೇ ವಿರಳತೆ ಎಂದು ಬೆಲೆಪಟ್ಟಿಗೆ ಅಂಟಿಸಿದ್ದೀರಿ. ಆದರೆ ಆ ಲೆಕ್ಕ ಹೇಳುವುದು ಎಷ್ಟು ಕಾರ್ಡ್ ಉಳಿದಿದೆ ಎಂದಲ್ಲ, ಎಷ್ಟನ್ನು ಜನ ದುಡ್ಡು ಕೊಟ್ಟು ನಿಮಗೆ ಕಳಿಸಿದರು ಎಂದು. ಬ್ರೆಟ್ (228), ರಾಬಿನ್ ಯೌಂಟ್ (223), ಗ್ಯಾರಿ ಕಾರ್ಟರ್ ಇರುವ ರೂಕಿ ಕಾರ್ಡ್ (620), ಹ್ಯಾಂಕ್ ಆರನ್ (660), ಇವನ್ನು ಎಲ್ಲರೂ ಕಳಿಸುತ್ತಾರೆ. ಹೆಸರಿಲ್ಲದ ಬದಲಿ ಆಟಗಾರನ ಮಿನಿಗೆ ಗ್ರೇಡಿಂಗ್ ಶುಲ್ಕ ಕಟ್ಟುವವರಾರು? ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಬ್ರೆಟ್‌ಗಿಂತ ಆ ಬದಲಿ ಆಟಗಾರನೇ ‘ಅತಿ ವಿರಳ’. ಮೇಲಾಗಿ, ಇನ್ನೂ ಒಂದು ಅಂಕ ಹೆಚ್ಚು ಬಂದೀತೆಂಬ ಆಸೆಗೆ ಸ್ಲ್ಯಾಬ್ (ಗ್ರೇಡ್ ಆದ ಕಾರ್ಡನ್ನು ನೀವು ಮುಚ್ಚಿಕೊಡುವ ಪ್ಲಾಸ್ಟಿಕ್ ಕವಚ) ಒಡೆದು ಮತ್ತೆ ಕಳಿಸುವವರಿದ್ದಾರೆ. ಹಳೆಯ ಲೇಬಲ್ ನಿಮಗೆ ಹಿಂತಿರುಗಿಸದಿದ್ದರೆ ಒಂದೇ ಕಾರ್ಡ್ ಎರಡಾಗಿ ಎಣಿಕೆಯಾಗುತ್ತದೆ.

ಮಿನಿಯಲ್ಲಿ ನಿಜವಾಗಿ ವಿರಳವಾದದ್ದು ಸ್ಥಿತಿ. ಬಣ್ಣದ ಅಂಚು ಒಂದಿಷ್ಟು ಉಜ್ಜಿದರೂ ಬಿಳಿ ಚುಕ್ಕಿ ಏಳುತ್ತದೆ, ಚಿತ್ರ ಒಂದು ಪಕ್ಕಕ್ಕೆ ಸರಿದಿರುವುದೂ ಸಾಮಾನ್ಯ. ಮೂಲೆ ಮಡಿದ ಮಿನಿ ಹುಡುಕಿದರೆ ಸಿಗುತ್ತದೆ, ಮಾಮೂಲಿಗಿಂತ ಅದಕ್ಕೆ ದುಪ್ಪಟ್ಟು ಕೇಳುವುದು ವ್ಯಾಪಾರಿಯ ಆಸೆಬುರುಕತನ. ಅಂಚು ಮಾಸದ, ಚಿತ್ರ ನಡುಮಧ್ಯಕ್ಕೆ ಕೂತ ಮಿನಿಯದು ಬೇರೆಯದೇ ಬೆಲೆ. ನಿಮ್ಮ ಪಟ್ಟಿ ಎರಡಕ್ಕೂ ಒಂದೇ ಮುದ್ರೆ ಒತ್ತುತ್ತದೆ. ಅದು ಸಾಲದೆಂಬಂತೆ ಕೆಲವು ಮಿನಿ ಮಾರಾಟಗಳನ್ನು ಮಾಮೂಲಿ ಬ್ರೆಟ್‌ನ ಸಾಲಿನಲ್ಲಿ ಸೇರಿಸಿ ಅದರ ಸರಾಸರಿಯನ್ನೂ ಕೆಡಿಸಿದ್ದೀರಿ.

ಈಗ ಈ ಎರಡನ್ನೂ ಕೂಡಿಸಿ ನೋಡಿ. ವಾಪಸ್ ಕಳಿಸಿದ ಕಾರ್ಡ್ ಪಾಪ್ ರಿಪೋರ್ಟಿಗೆ ಸೇರುವುದಿಲ್ಲ. ಅಂದರೆ ನೀವು ತಪ್ಪಾಗಿ ತಳ್ಳಿಹಾಕಿದ ಪ್ರತಿಯೊಂದು ಅಸಲಿ ಮಿನಿಯೂ ನಿಮ್ಮ ಸ್ಲ್ಯಾಬ್‌ನಲ್ಲಿ ಈಗಾಗಲೇ ಕೂತಿರುವ ಮಿನಿಗಳನ್ನು ಇನ್ನಷ್ಟು ವಿರಳವಾಗಿ ತೋರಿಸುತ್ತದೆ. ಆ ವಿರಳತೆಯನ್ನು ತೋರಿಸಿ ಮುಂದಿನ ಗ್ರಾಹಕನಿಂದ ಮೇಲಿನ ದರ್ಜೆಯ ಶುಲ್ಕ ವಸೂಲಿ. ಇದು ಉದ್ದೇಶಪೂರ್ವಕ ಎಂದು ನಾನು ಹೇಳುವುದಿಲ್ಲ. ಅಷ್ಟು ಚೆನ್ನಾಗಿ ಯೋಜಿಸುವವರ ಬಳಿ ಅಳತೆ ಹಿಡಿಯಲು ಒಂದು ಕ್ಯಾಲಿಪರ್ ಇರುತ್ತಿತ್ತು.

ಮುಂದಿನ ಯೋಚನೆಯಂತೂ ಹೆದರಿಸುತ್ತದೆ. 1962ರ ಟಾಪ್ಸ್ ಎರಡನೇ ಸರಣಿಯಲ್ಲಿ, 110ರಿಂದ 196ರವರೆಗೆ, ಮುದ್ರಣದಲ್ಲೇ ಹಸಿರು ಛಾಯೆ ಬಂದ ಕಾರ್ಡುಗಳಿವೆ. ಅವನ್ನು ಕಳಿಸಿದರೆ ‘ಬಣ್ಣ ಹಾಳಾಗಿದೆ’ ಎನ್ನುತ್ತೀರಾ? 1968ರ ಮಿಲ್ಟನ್ ಬ್ರ್ಯಾಡ್ಲಿ ಆಟದ ಪೆಟ್ಟಿಗೆಯಲ್ಲಿ ಬಂದ ನೋಲನ್ ರಯಾನ್ ರೂಕಿಯ ಹಿಂಬದಿಯ ಹಳದಿ, ಟಾಪ್ಸ್ ಪ್ಯಾಕೆಟ್ಟಿನದಕ್ಕಿಂತ ಢಾಳು. ‘ಬಣ್ಣ ಬಳಿಯಲಾಗಿದೆ’ ಎಂದು ಚೀಟಿ ಬರೆಯುತ್ತೀರಾ? 1984ರ ಟಿಫನಿ ಎಂಬ ಹೊಳಪಿನ ವಿಶೇಷ ಸೆಟ್ಟಿನ ಡಾನ್ ಮ್ಯಾಟಿಂಗ್ಲಿಯ ಹೊಳಪು ಕಂಡು ‘ವಾರ್ನಿಶ್ ಹಾಕಲಾಗಿದೆ’ ಎಂದರೂ ಆಶ್ಚರ್ಯವಿಲ್ಲ. ಕಾರ್ಡ್ ತಿರುಗಿಸಿ, ಟಿಫನಿಯ ಗುರುತಾದ ಹಿಂಬದಿಯ ಬಿಳಿ ರಟ್ಟು ನೋಡುವ ಕಷ್ಟ ನಿಮಗೇಕೆ?

ನನಗೆ ಬೇಕಾದದ್ದು ಇಷ್ಟು. ಕಾರ್ಡನ್ನು ಮಿನಿ ಎಂದೇ ಗುರುತಿಸಿ, ನಿಮ್ಮ ಖರ್ಚಿನಲ್ಲಿ, ಎರಡೂ ಕಡೆಯ ವಿಮೆಯೊಂದಿಗೆ ಮರುಪರಿಶೀಲಿಸಿ. ಮೊದಲ ಸಲದ ಶುಲ್ಕ, ದರ್ಜೆ ಏರಿಸಿ ವಸೂಲು ಮಾಡಿದ್ದೂ ಸೇರಿ, ಪೂರ್ತಿ ಹಿಂತಿರುಗಿಸಿ. ‘ಟ್ರಿಮ್’ ಎಂಬ ದಾಖಲೆಯನ್ನು ಅಳಿಸಿ.

ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ತಕರಾರು ಸಲ್ಲಿಸುವ ಹಕ್ಕು ನನಗಿದೆ, ಆ ಅವಧಿ ಇನ್ನೂ ಮುಗಿದಿಲ್ಲ. ಮಿಷಿಗನ್ ಅಟಾರ್ನಿ ಜನರಲ್ ಅವರ ಗ್ರಾಹಕ ರಕ್ಷಣಾ ವಿಭಾಗದ ದೂರು ಅರ್ಜಿ ತುಂಬಿಟ್ಟಿದ್ದೇನೆ, ಸಣ್ಣ ಮೊತ್ತದ ದಾವೆ ಕೇಳುವ ಸ್ಮಾಲ್ ಕ್ಲೇಮ್ಸ್ ಕೋರ್ಟಿನದೂ ತಯಾರಿದೆ. ಮೇಲ್‌ಗಳು ಎರಡೂ ಇವೆ: ‘ವಿರಳ ಪ್ಯಾರಲಲ್’ ಎಂದು ದುಡ್ಡು ಕೇಳಿದ್ದು, ‘ಟ್ರಿಮ್’ ಎಂದು ಕೈತೊಳೆದುಕೊಂಡದ್ದು. ಅವುಗಳ ಪ್ರತಿ ತೆಗೆದು, ನಡುವೆ ಕ್ಯಾಲಿಪರ್ ಹಿಡಿದ ಕಾರ್ಡಿನ ಫೋಟೊ ಅಂಟಿಸಿ, ಡೆಟ್ರಾಯಿಟ್ ಸುತ್ತ ನಡೆಯುವ ಪ್ರತಿ ಕಾರ್ಡ್ ಶೋನಲ್ಲೂ ನಿಮ್ಮ ಮೇಜಿನ ಎದುರಿನ ಮೇಜನ್ನೇ ಬಾಡಿಗೆಗೆ ಹಿಡಿದು ನಿಲ್ಲಿಸುತ್ತೇನೆ. ಈ ಊರಿನ ಅಂಗಡಿಗಳಲ್ಲಿ ಮಿನಿ ಕೊಂಡು ಬೆಳೆದ ಹುಡುಗರು ಈಗ ಅರವತ್ತು ದಾಟಿದ್ದಾರೆ, ಸಂಗ್ರಹ ಮಾರಲು ಹೊರಟಿರುವವರು ಅವರೇ. ಪೆಟ್ಟಿಗೆಗಳನ್ನು ಯಾವ ಕಂಪನಿಗೆ ಕಳಿಸಬಾರದು ಎಂದು ಅವರಿಗೆ ಹೇಳಲು ನನಗೆ ಬೇಕಾದಷ್ಟು ಬಿಡುವಿದೆ.

ಇಂತಿ,
ಈವರೆಗಿನ ನಿಮ್ಮ ಗ್ರಾಹಕ
ನೋವೈ, ಮಿಷಿಗನ್

ಲಗತ್ತು: ಮೇಲ್‌ಗಳ ಪ್ರತಿ, ವಾಪಸಾತಿ ಚೀಟಿ, ಕಾರ್ಡಿನ ಎರಡೂ ಬದಿಯ ಸ್ಕ್ಯಾನ್, ನಿಮ್ಮದೇ ಪಾಪ್ ರಿಪೋರ್ಟಿನ ಮಿನಿ ಪುಟ.