ಕಾಂಬೋಡಿಯಾದ ಸಿಯೆಮ್ ರೀಪ್‌ನಿಂದ, ಅಜ್ಜಿಗೊಂದು ಪ್ರಶ್ನೆ

ಅಮ್ಮ,

ನಿನ್ನೆ "ತಲುಪಿದೆ, ನಿದ್ದೆ ಬರ್ತಿದೆ" ಅಂತ ಒಂದೇ ಸಾಲು ಕಳಿಸಿ ಫೋನ್ ಆಫ್ ಮಾಡಿದ್ದಕ್ಕೆ ಬೈಯಬೇಡ. ಇವತ್ತು ಉದ್ದಕ್ಕೆ ಬರೆಯುತ್ತೇನೆ. ಅಜ್ಜಿಗೆ ಓದಿ ಹೇಳು, ಇದರಲ್ಲಿ ಅರ್ಧ ಅವಳದ್ದೇ. ಇಲ್ಲಿ ರಾತ್ರಿ ಒಂಬತ್ತೂವರೆ, ನಿಮಗೆ ಎಂಟು. ಊಟಕ್ಕೆ ಕೂತಿರುತ್ತೀರಿ ಅನ್ಸುತ್ತೆ.

ಬ್ಯಾಂಕಾಕ್‌ನಿಂದ ವಿಮಾನ ಒಂದು ಗಂಟೆ ಅಷ್ಟೇ. ಆದರೆ 2023ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿನಿಂದ 40 ಕಿಲೋಮೀಟರ್‌ಗೂ ಜಾಸ್ತಿ ದೂರ, ನಮ್ಮ ದೇವನಹಳ್ಳಿ ಕಥೆಯೇ. ದಾರಿಯುದ್ದಕ್ಕೂ ಗದ್ದೆ, ಬದುವಿನ ಮೇಲೆ ತಾಳೆ ಮರ. ನಮ್ಮ ಕಡೆ ಎಲ್ಲಿ ನೋಡಿದರೂ ತೆಂಗು ಕಾಣುತ್ತಲ್ಲ, ಇಲ್ಲಿ ತಾಳೆ ಹಾಗೆ. ಇದರ ನೀರು ಕಾಯಿಸಿ ಬೆಲ್ಲ ಮಾಡುತ್ತಾರೆ, ನಿನಗೆ ಒಂದು ಕಟ್ಟು ತರುತ್ತೇನೆ.

ದುಡ್ಡಿನ ವಿಷಯ ತಮಾಷೆ. ಅವರದ್ದೇ ರಿಯಲ್ ಅಂತ ಇದೆ, ಆದರೆ ಜನ ಡಾಲರ್‌ನಲ್ಲೇ ವ್ಯಾಪಾರ ಮಾಡುತ್ತಾರೆ, ಚಿಲ್ಲರೆ ಮಾತ್ರ ರಿಯಲ್‌ನಲ್ಲಿ ಕೊಡುತ್ತಾರೆ. ಒಂದು ಡಾಲರ್‌ಗೆ ಸುಮಾರು 4,000 ರಿಯಲ್, ಲೆಕ್ಕ ಹಾಕಿ ತಲೆ ಕೆಟ್ಟಿತು. ಬೆಂಗಳೂರಿನಲ್ಲಿ ಬದಲಾಯಿಸಿಕೊಂಡು ಬಂದ ಒಂದು ನೋಟಿನ ಅಂಚು ಉಗುರಿನಷ್ಟು ಹರಿದಿತ್ತು. ಇಡೀ ದಿನ ಯಾರೂ ಮುಟ್ಟಲಿಲ್ಲ. ಅಪ್ಪ ಹೊರಡುವಾಗ "ನೋಟು ನೋಡಿಕೊಂಡು ತಗೋ" ಅಂದಿದ್ದರು. ಸರಿ, ಅವರೇ ಗೆದ್ದರು.

ಬೆಳಿಗ್ಗೆ ನಾಲ್ಕೂವರೆಗೆ ಎದ್ದೆ. ನಂಬಲ್ವಾ? ನಿಜ. ಅಂಕೋರ್ ವಾಟ್ ಗುಡಿಯಲ್ಲಿ ಸೂರ್ಯೋದಯ ನೋಡಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೆ. ಮೂರು ದಿನದ ಟಿಕೆಟ್ 62 ಡಾಲರ್, ನನ್ನ ಫೋಟೋ ಬೇರೆ ಹಾಕಿ ಕೊಟ್ಟಿದ್ದಾರೆ, ಅದರಲ್ಲಿ ಥೇಟ್ ಚಿಕ್ಕಪ್ಪನ ಹಾಗೆ ಕಾಣುತ್ತೇನೆ. ಕತ್ತಲಲ್ಲಿ ಕಂದಕ ದಾಟಿದೆ. ಅದರ ಅಗಲವೇ 190 ಮೀಟರ್, ಕೆರೆ ಏರಿ ಮೇಲೆ ನಡೆದ ಹಾಗಿತ್ತು. ಒಳಗೆ ಎಡಗಡೆ ಕೊಳದ ಹತ್ತಿರ ನೂರಾರು ಜನ ಫೋನ್ ಎತ್ತಿಕೊಂಡು ನಿಂತಿದ್ದೆವು. ಮೋಡ. ಸೂರ್ಯ ಬರಲೇ ಇಲ್ಲ. ಕಪ್ಪಗಿದ್ದ ಗೋಪುರ ಬೂದಿ ಬಣ್ಣಕ್ಕೆ ತಿರುಗಿತು, ಅಷ್ಟೇ. ಜನ ಬೇಜಾರಾಗಿ ತಿಂಡಿಗೆ ಹೋದರು. ನನಗೆ ಲಾಭವೇ ಆಯಿತು, ಒಳಗೆ ಖಾಲಿ ಖಾಲಿ.

ಈಗ ಅಜ್ಜಿಗೆ ಜೋರಾಗಿ ಓದು.

ಅಜ್ಜಿ, ಪಶ್ಚಿಮದ ಬಾಗಿಲಿನಲ್ಲೇ ವಿಷ್ಣು ನಿಂತಿದ್ದಾನೆ. ಎಂಟು ಕೈ, ನಮ್ಮ ಬಾಗಿಲಿಗಿಂತ ಎತ್ತರ. ಮೈಗೆ ಹಳದಿ ರೇಷ್ಮೆ ಸುತ್ತಿದ್ದಾರೆ, ಮುಂದೆ ಊದುಬತ್ತಿ, ತಾವರೆ ಮೊಗ್ಗು, ಬಾಳೆಹಣ್ಣು. ಇಲ್ಲಿಯವರು ಈಗ ಬೌದ್ಧರು, ಆದರೂ ಇವನಿಗೆ ಕೈ ಮುಗಿಯದೆ ಹೋಗಲ್ಲ. ಹೆಸರು ತಾ ರೀಚ್. ತಾ ಅಂದರೆ ತಾತ, ರೀಚ್ ಅಂದರೆ ರಾಜ. ನಾನೂ ಊದುಬತ್ತಿ ಹಚ್ಚಿದೆ, ನಿನ್ನ ಹೆಸರಲ್ಲಿ.

ಆಮೇಲೆ ಒಂದು ತಪ್ಪು ಮಾಡಿದೆ. ಈ ಗುಡಿ ನೋಡುವುದು ಪಶ್ಚಿಮಕ್ಕೆ. ಸುತ್ತಲಿನ ಪಡಸಾಲೆಯ ಗೋಡೆ ಮೇಲಿನ ಕಥೆಗಳನ್ನು ಸಾಲಾಗಿ ನೋಡಬೇಕು ಅಂದರೆ ಗುಡಿ ಎಡಗೈಗೆ ಬರುತ್ತದೆ. ಅಂದರೆ ಅಪ್ರದಕ್ಷಿಣೆ! ರಾಜ ಎರಡನೇ ಸೂರ್ಯವರ್ಮ ಇದನ್ನು ತನ್ನ ಸಮಾಧಿಗೂ ಸೇರಿಸಿ ಕಟ್ಟಿಸಿದ್ದ, ಅದಕ್ಕೇ ಹೀಗೆ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ನೀನಿದ್ದಿದ್ದರೆ ಅಲ್ಲೇ ನಿಂತುಬಿಡುತ್ತಿದ್ದೆ. ನಾನು ಹೋದೆ.

ಮೊದಲು ಕುರುಕ್ಷೇತ್ರ. ಭೀಷ್ಮ ಬಾಣದ ಮೇಲೆ ಮಲಗಿದ್ದಾನೆ, ಯಾರೂ ಹೇಳಿಕೊಡದೆ ಗುರುತು ಸಿಕ್ಕಿತು, ಪಕ್ಕದಲ್ಲಿದ್ದ ಫ್ರೆಂಚ್ ದಂಪತಿಗೆ ನಾನೇ ಗೈಡ್ ಆದೆ. ಮುಂದೆ ಸೂರ್ಯವರ್ಮನ ಮೆರವಣಿಗೆ, ಅದಾದ ಮೇಲೆ ಎಮ್ಮೆ ಮೇಲೆ ಯಮ, ಜೊತೆಗೆ ಚಿತ್ರಗುಪ್ತ, ಕೆಳಗೆ 32 ನರಕ. ನರಕವನ್ನು ಬಹಳ ಮನಸ್ಸಿಟ್ಟು ಕೆತ್ತಿದ್ದಾರೆ. ಸ್ವರ್ಗ ಮಾತ್ರ ಬೇಜಾರು, ಎಲ್ಲರೂ ಸುಮ್ನೆ ಕೂತಿದ್ದಾರೆ.

ಮೂಲೆ ತಿರುಗಿದರೆ ಸಮುದ್ರ ಮಥನ. ಸುಮಾರು 49 ಮೀಟರ್ ಉದ್ದ ಅಜ್ಜಿ, ಒಂದೇ ಚಿತ್ರ! ನಮ್ಮ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ವಾಸುಕಿ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ನೀನು ಹೇಳುತ್ತಿದ್ದ ಹಾಗೆ ಹಾವಿನ ತಲೆ ಅಸುರರ ಕಡೆಗೇ ಇದೆ. ಕೆಳಗೆ ನೀರಲ್ಲಿ ಮೀನು, ಮೊಸಳೆ. ಬೆಟ್ಟದ ಹತ್ತಿರ ಬಂದ ಮೀನುಗಳು ಆ ಕಡೆತಕ್ಕೆ ತುಂಡು ತುಂಡಾಗಿವೆ. ಕಡೆಗೋಲಿಗೆ ಸಿಕ್ಕ ಮೀನಿನ ಗತಿ ಏನು ಅಂತ ನಾವ್ಯಾರೂ ಯೋಚಿಸಿಯೇ ಇರಲಿಲ್ಲ, ಅಲ್ವಾ?

ಪ್ರಶ್ನೆ ಇಲ್ಲಿದೆ. ದೇವತೆಗಳ ಸಾಲಿನ ಕೊನೆಯಲ್ಲಿ, ಬಾಲದ ತುದಿ ಹಿಡಿದಿರುವುದು ಒಂದು ಕೋತಿ. ಬೇರೆಯವರಿಗಿಂತ ದೊಡ್ಡದು. ಹನುಮಂತ ಅಂತ ಕೆಲವರು, ಸುಗ್ರೀವ ಅಂತ ಕೆಲವರು. ಯಾರೇ ಆಗಲಿ, ಕೂರ್ಮಾವತಾರದ ಹೊತ್ತಿಗೆ ಅವರು ಎಲ್ಲಿದ್ದರು? ರಾಮ ಹುಟ್ಟಿಯೇ ಇರಲಿಲ್ಲವಲ್ಲ! ರಾಮನವಮಿ ಹರಿಕಥೆಯಲ್ಲಿ ದಾಸರಿಗೇ ತಪ್ಪು ಹಿಡಿದವಳು ನೀನು, ಇದಕ್ಕೊಂದು ಉತ್ತರ ಕೊಡು.

ಅಮ್ಮ, ಇನ್ನು ನಿನಗೆ. ಕುಸುರಿ ಕೆಲಸ ಅಂದರೆ ನಮ್ಮ ಬೇಲೂರೇ, ಇಲ್ಲಿ ಬಂದು ನೋಡಿದ ಮೇಲೂ ಅದೇ ಮಾತು. ಬಳಪದ ಕಲ್ಲಿನ ಆ ಆಳ ಇಲ್ಲಿನ ಮರಳುಗಲ್ಲಿಗೆ ಬರಲ್ಲ. ಆದರೆ ಸೂರ್ಯವರ್ಮ ಪಟ್ಟಕ್ಕೆ ಬಂದಿದ್ದು 1113, ನಮ್ಮ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117. ಇಬ್ಬರೂ ಒಂದೇ ಕಾಲದಲ್ಲಿ ಒಂದೇ ದೇವರಿಗೆ ಕಲ್ಲು ಕಡಿಸುತ್ತಿದ್ದರು. ಇದನ್ನು ಲೆಕ್ಕ ಹಾಕಿ ಅಲ್ಲೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ಮೇಲಿನ ಅಂತಸ್ತಿಗೆ ಹತ್ತಲಿಲ್ಲ. ಮೆಟ್ಟಿಲು ಏಣಿ ಇದ್ದ ಹಾಗೆ, ಸಾಲು ಉದ್ದ, ಬಿಸಿಲು.

ಊಟ ಮಾಡಿದೆ, ಮಾಡಿದೆ! "ಒತ್ ಸಾಚ್, ಒತ್ ತ್ರೈ" ಅಂದರೆ ಮಾಂಸ ಬೇಡ, ಮೀನು ಬೇಡ. ಬೆಳಿಗ್ಗೆಯಿಂದ ಇದನ್ನೇ ಮಂತ್ರದ ಹಾಗೆ ಹೇಳುತ್ತಿದ್ದೇನೆ. ಮೀನಿನ ಸಾಸ್ ಎಲ್ಲಾದರೂ ಸೇರಿರಬಹುದು, ಅಜ್ಜಿಗೆ ಈ ಸಾಲು ಓದಬೇಡ. ಮಾರ್ಕೆಟ್‌ನಲ್ಲಿ ನಮ್ಮ ಒತ್ತು ಶಾವಿಗೆಯನ್ನೇ ಸುರುಳಿ ಸುತ್ತಿ ಬುಟ್ಟಿಯಲ್ಲಿಟ್ಟು ಮಾರುತ್ತಾರೆ, ನುಂ ಬಾನ್ ಚೊಕ್ ಅಂತ. ಅದರ ಮೇಲೆ ಹಾಕುವ ಹಸಿರು ಸಾರು ಮೀನಿನದ್ದು. ನಾನು ಬರೀ ಶಾವಿಗೆ, ಸೌತೆಕಾಯಿ, ಸೊಪ್ಪು ತಿಂದೆ. ಕಾಯಿಹಾಲು ಇದ್ದಿದ್ದರೆ ಅಂತ ಅನ್ನಿಸಿತು.

ಅಪ್ಪನಿಗೆ ಹೇಳು, ಇಲ್ಲಿನ ಲಿಪಿಯ ಮೂಲವೂ ದಕ್ಷಿಣ ಭಾರತದ್ದೇ, ಪಲ್ಲವರ ಲಿಪಿಯಿಂದ ಬಂದದ್ದು. ನಮ್ಮ ಹಾಗೇ ಅಕ್ಷರದ ಕೆಳಗೆ ಒತ್ತು ಬರುತ್ತದೆ. ಅದಕ್ಕೆ ಇವರ ಭಾಷೆಯಲ್ಲಿರುವ ಹೆಸರಿನ ಅರ್ಥ "ಪಾದ" ಅಂತ. ಟುಕ್‌ಟುಕ್ ಓಡಿಸುವವನು ವಾರಗಳ ಹೆಸರು ಹೇಳಿಕೊಟ್ಟ: ಭಾನುವಾರ ಆತಿತ್, ಸೋಮವಾರ ಚಾನ್, ಬುಧವಾರ ಪುತ್, ಶುಕ್ರವಾರ ಸೊಕ್. ಆದಿತ್ಯ, ಚಂದ್ರ, ಬುಧ, ಶುಕ್ರ ಅಂತ ನಾನು ಒಂದೊಂದಕ್ಕೂ ಮುಂಚೆಯೇ ಹೇಳಿದ್ದಕ್ಕೆ ಅವನು ಗಾಡಿ ನಿಧಾನ ಮಾಡಿ ಹಿಂದೆ ತಿರುಗಿ ನೋಡಿದ. ಮೇಷ್ಟ್ರಿಗೆ ಇಲ್ಲಿ "ಕ್ರೂ" ಅನ್ನುತ್ತಾರೆ, ಗುರುವೇ. ಅಪ್ಪ ಇನ್ಮೇಲೆ ಕ್ರೂ.

ನಾಳೆ ಬಾಯೋನ್ ಗುಡಿ, ಆಮೇಲೆ ಮರದ ಬೇರು ಗುಡಿಯನ್ನೇ ತಬ್ಬಿಕೊಂಡಿರುವ ತಾ ಪ್ರೋಮ್. ಅಲ್ಲಿ ನಮ್ಮ ದೇಶದ ಪುರಾತತ್ವ ಇಲಾಖೆಯವರೂ ವರ್ಷಗಟ್ಟಲೆ ರಿಪೇರಿ ಕೆಲಸ ಮಾಡಿದ್ದಾರೆ. ಪ್ರೋಮ್ ಅಂದರೆ ಬ್ರಹ್ಮ, ತಾ ಏನು ಅಂತ ಅಜ್ಜಿಗೆ ಈಗ ಗೊತ್ತು.

ಟುಕ್‌ಟುಕ್ ಬೆಳಿಗ್ಗೆ ಎಂಟಕ್ಕೆ ಬರುತ್ತದೆ, ನಿಮಗೆ ಆರೂವರೆ. ಅಷ್ಟರೊಳಗೆ ಕೋತಿ ವಿಷಯ ಅಜ್ಜಿ ಏನಂದಳು ಅಂತ ವಾಯ್ಸ್ ಮೆಸೇಜ್ ಹಾಕು. ಅವಳ ಬಾಯಿಂದಲೇ ಹೇಳಿಸು, ನೀನು ಚಿಕ್ಕದು ಮಾಡಬೇಡ.

ನಿನ್ನ ಮಗಳು